ಬೆಳಕಿಂಡಿಯಿಂದ ಬಿದ್ದ ಮರಿ

ನಾನು ಹುಟ್ಟಾ ಅಂಜುಬುರುಕಿ. ಹೇಳಿಕೊಳ್ಳಲು ಈಗ ನಾಚಿಕೆಯೇನೂ ಇಲ್ಲ. ವಯಸ್ಸಾಯಿತು, ಇನ್ನು ಯಾರಿಗೆ ಹೆದರಿ ಮುಚ್ಚಿಡಬೇಕು? ಗುಡುಗಿಗೆ ಹೆದರುತ್ತಿದ್ದೆ, ಬಾವಿಗೆ ಹೆದರುತ್ತಿದ್ದೆ, ಮದುವೆಯಾದ ಹೊಸದರಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅತ್ತೆಗೆ ಹೆದರುತ್ತಿದ್ದೆ. ಆದರೆ ಜನ್ಮದ ಹೆದರಿಕೆಯನ್ನೆಲ್ಲ ಒಟ್ಟು ಹಾಕಿದರೂ ಎಪ್ಪತ್ತರ ದಶಕದ ಆ ಒಂದು ಬೇಸಿಗೆಯ ದಿನಕ್ಕೆ ಸಮವಾಗಲಿಕ್ಕಿಲ್ಲ. ಅದೂ ಒಂದು ನಾಯಿಮರಿಯ ಸಲುವಾಗಿ.

ತಿಕೋಟಾದ ತವರಿನಿಂದ ವಿಜಯಪುರಕ್ಕೆ ಸೊಸೆಯಾಗಿ ಬಂದು ಆಗ ನಾಲ್ಕು ತಿಂಗಳು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆ. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ನನ್ನ ಗಂಡ ಕನಮಡಿಯ ಸಾಲೆಯಲ್ಲಿ ಮಾಸ್ತರರು. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗಿಬಿಡುವವರು. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ, ಇಬ್ಬರೇ. ಅತ್ತೆ ಕೆಟ್ಟವರೇನಲ್ಲ, ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ಮಾತೇ ಆಡುತ್ತಿರಲಿಲ್ಲ ಮಹಾತಾಯಿ! ಬೈದುಬಿಟ್ಟರೆ ಒಂದಿಷ್ಟು ಅತ್ತು ಹಗುರಾಗಬಹುದು. ಸುಮ್ಮನೆ ಕೂತವರ ಎದುರು ಏನು ಮಾಡುವುದು? ನಾನು ಮಾಡಿದ ರೊಟ್ಟಿಯನ್ನು ಎರಡೂ ಕಡೆ ಹೊರಳಿಸಿ ನೋಡಿ, ಏನೂ ಹೇಳದೆ ಮುರಿದು ತಿನ್ನುತ್ತಿದ್ದರು. ಆ ಹೊರಳಿಸುವುದನ್ನು ನೋಡಿದರೆ ನನ್ನ ಜೀವ ಅರ್ಧ ಹೋಗುತ್ತಿತ್ತು.

ಆ ಚಳಿಗಾಲದಲ್ಲಿ ಬಬಲೇಶ್ವರದಲ್ಲಿ ಅತ್ತೆಯ ಅಣ್ಣ ತೀರಿಕೊಂಡಿದ್ದರು. ಇವರನ್ನು ಎತ್ತಿ ಬೆಳೆಸಿದವರು ಆ ಅಣ್ಣನೇ. ಮಣ್ಣಿಗೆ ಹೋಗಿ ಬಂದ ಅತ್ತೆ ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ನೋಡಲಿಲ್ಲ. ಅಣ್ಣನ ಹೊಲ ಕಾಯುತ್ತಿದ್ದ ನಾಯಿ ಅವರು ಹೋದ ಮೇಲೆ ಮರಿ ಹಾಕಿತು. ಒಂದರ ಹಿಂದೊಂದು ಸತ್ತು ಕೊನೆಗೆ ಉಳಿದದ್ದು ಒಂದೇ, ಕಂದು ಮೈಯ, ಬಿಳಿ ಮೂತಿಯ ಗಂಡುಮರಿ. ಯುಗಾದಿ ಮುಗಿದ ಮೇಲೆ ಅತ್ತೆ ಅದನ್ನು ಬಸ್ಸಿನಲ್ಲಿ ಉಡಿಯಲ್ಲಿ ಕಟ್ಟಿಕೊಂಡು ಬಂದರು. ಒಂದು ತಂಬಿಗೆಯಷ್ಟಿತ್ತು. ಅದರ ಜೊತೆ ಮಾತ್ರ ಅತ್ತೆ ಮಾತಾಡುತ್ತಿದ್ದರು. ಹೆಸರಿಡಲಿಲ್ಲ, "ಕೂಸ" ಅನ್ನುತ್ತಿದ್ದರು. "ನಮ್ಮಣ್ಣನ ಹೊಲದ ಮಣ್ಣ ನೆಕ್ಕಿದ ಕೂಸ ಇದು" ಎಂದು ಹಾಲು ಹಾಕುತ್ತಿದ್ದರು. ಅಣ್ಣನ ನೆನಪಿಗೆ ಅವರ ಕೈಗೆ ಉಳಿದದ್ದು ಇದೊಂದೇ ಎನ್ನುವುದು ನನ್ನಂಥ ದಡ್ಡಿಗೂ ತಿಳಿಯುತ್ತಿತ್ತು.

ಆ ದಿನ ಬಬಲೇಶ್ವರದಲ್ಲಿ ಅವರ ಅತ್ತಿಗೆಗೆ, ತೀರಿದ ಅಣ್ಣನ ಹೆಂಡತಿಗೆ, ಜ್ವರ ಎಂದು ಸುದ್ದಿ ಬಂದು ಅತ್ತೆ ಮುಂಜಾನೆಯ ಬಸ್ಸಿಗೆ ಹೊರಟರು. ಹೊಸಲಿನಲ್ಲಿ ನಿಂತು ಎರಡೇ ಮಾತು ಹೇಳಿದರು.

"ಸಂಡಿಗಿ ಇವತ್ತ ಹಾಕಿಬಿಡ, ಬಿಸಲ ಚಲೋ ಐತಿ. ಕೂಸನ್ನ ಮಾಳಿಗಿ ಮ್ಯಾಲ ಒಯ್ಯಬ್ಯಾಡ."

ನಾನು ಎರಡಕ್ಕೂ "ಹೂಂನ್ರಿ" ಅಂದೆ. ಮೊದಲನೆಯದನ್ನು ಮಾಡಿದೆ. ಎರಡನೆಯದನ್ನು, ಅವರ ಸೆರಗು ಓಣಿಯ ತಿರುವಿನಲ್ಲಿ ಮರೆಯಾಗಿ ಒಂದು ತಾಸಾಗುವುದರೊಳಗೆ ಮುರಿದೆ. ಕೆಳಗೆ ಒಂಟಿಯಾಗಿ ಬಿಟ್ಟರೆ ಅದು ಕುಂಯ್‌ಗುಟ್ಟಿ ಕುಂಯ್‌ಗುಟ್ಟಿ ತಲೆ ತಿಂದಿತು. ಸೆರಗಿನಲ್ಲಿ ಕಟ್ಟಿಕೊಂಡು ನಿಚ್ಚಣಿಕೆ ಹತ್ತಿದೆ. ಕಾಗೆ ಕಾಯಲಿಕ್ಕಾದರೂ ಆಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಅಡಿಗೆಮನೆಯ ನೆತ್ತಿಗೆ ಒಂದು ಬೆಳಕಿಂಡಿ ಇರುತ್ತದೆ. ಮೊಳದುದ್ದ, ಮೊಳದಗಲದ ಚೌಕು ತೂತು. ಬೆಳಕು ಇಳಿಯುವುದೂ ಅಲ್ಲಿಂದಲೇ, ಒಲೆಯ ಹೊಗೆ ಏರುವುದೂ ಅಲ್ಲಿಂದಲೇ. ಕೆಳಗೆ ಒಲೆಯ ಮೇಲೆ ಸಂಡಿಗೆಯ ಎರಡನೆಯ ಹಿಟ್ಟು ಕುದಿಯುತ್ತಿತ್ತು, ಹೊಗೆ ಬುಸುಬುಸು ಮೇಲೆ ಬರುತ್ತಿತ್ತು. ಬೆಳ್ಳಗಿನ ಸಂಡಿಗೆಗೆ ಮಸಿ ಹತ್ತಿದರೆ ಅತ್ತೆ ಅದನ್ನೂ ಹೊರಳಿಸಿ ನೋಡುತ್ತಾರಲ್ಲ! ಬುದ್ಧಿಯಿದ್ದವರು ಇಂಥ ಹೊತ್ತಿನಲ್ಲಿ ಒಂದು ತಗಡನ್ನೋ ಹಳೆಯ ಬುಟ್ಟಿಯನ್ನೋ ಬೋರಲು ಹಾಕುತ್ತಾರೆ. ನಾನು ಮಾವನ ಹಳೆಯ ಧೋತರವನ್ನು ಒದ್ದೆ ಮಾಡಿ, ಬೆಳಕಿಂಡಿಯ ಮೇಲೆ ಹಾಸಿ, ನಾಲ್ಕು ತುದಿಗೆ ನಾಲ್ಕು ಕಲ್ಲು ಇಟ್ಟೆ. ತಿಕೋಟಾದ ನಮ್ಮ ಮನೆಯಲ್ಲಿ ಹಾಗೇ ಮಾಡುತ್ತಿದ್ದೆವು. ಆದರೆ ಅಲ್ಲಿಯ ಬೆಳಕಿಂಡಿಗೆ ಅಡ್ಡಡ್ಡ ಕಬ್ಬಿಣದ ಸಳಿ ಇದ್ದವು. ಇಲ್ಲಿ ಇರಲಿಲ್ಲ. ನಾಲ್ಕು ತಿಂಗಳಿಂದ ಅದರ ಕೆಳಗೇ ಕೂತು ರೊಟ್ಟಿ ಬಡಿದವಳು ನಾನು, ಒಂದು ದಿನ ತಲೆ ಎತ್ತಿ ನೋಡಿರಲಿಲ್ಲ.

ಧೋತರ ಹಾಸಿ ತಿರುಗಿ, ಸಂಡಿಗೆ ಇಡಲು ಕೂತಿದ್ದೆ. ಕಾಗೆಯೊಂದು ಮಾಳಿಗೆಯ ಅಂಚಿನ ಕುಂಬಿ ಗೋಡೆಯ ಮೇಲೆ ಬಂದು ಕೂತಿತು. ಮರಿ ದೊಡ್ಡ ಪೈಲವಾನನಂತೆ ಬೊಗಳುತ್ತ ಓಡಿತು. ನೆಟ್ಟಗೆ ಧೋತರದ ಮೇಲೆಯೇ ಓಡಿತು. ನಾನು ನೋಡುತ್ತಿದ್ದಂತೆ ಬಟ್ಟೆ ನಡುವೆ ಕುಸಿಯಿತು, ತುದಿಯ ಕಲ್ಲುಗಳು ಜಾರಿ ಬದಿಗೆ ಉರುಳಿದವು. ಧೋತರವೂ ಇಲ್ಲ, ಮರಿಯೂ ಇಲ್ಲ. ಕೆಳಗಿನಿಂದ ದಪ್ ಎಂದು ಒಂದು ಸದ್ದು ಬಂತು. ಆಮೇಲೆ ಏನೂ ಇಲ್ಲ. ಕುಂಯ್ ಅನ್ನಲಿಲ್ಲ.

ಯಪ್ಪಾ, ಆ ಏನೂ ಇಲ್ಲದ್ದು!

ನಿಚ್ಚಣಿಕೆಯ ಕೊನೆಯ ನಾಲ್ಕು ಮೆಟ್ಟಿಲನ್ನು ಇಳಿದೆನೋ ಹಾರಿದೆನೋ ನೆನಪಿಲ್ಲ. ಅಡಿಗೆಮನೆಯಲ್ಲಿ, ಒಲೆಯಿಂದ ಒಂದು ಗೇಣು ಆಚೆ, ಬೀಸುವ ಕಲ್ಲಿನ ಬದಿಗೆ ಒದ್ದೆ ಧೋತರ ಮುದ್ದೆಯಾಗಿ ಬಿದ್ದಿತ್ತು. ಮುದ್ದೆ ಅಲುಗಾಡುತ್ತಿರಲಿಲ್ಲ. ಬಿಚ್ಚಲು ಕೈ ಹೋಗಲೊಲ್ಲದು. ಬಿಚ್ಚುವ ತನಕ ಅದು ಸತ್ತಿಲ್ಲ, ಬಿಚ್ಚಿದರೆ ಸತ್ತಿರುತ್ತದೆ ಎಂದು ಏನೇನೋ ಹುಚ್ಚು ಲೆಕ್ಕ. ನಾನು ಅದರ ಮುಂದೆ ಮೊಣಕಾಲೂರಿ ಒದರಿದೆ. ಎರಡಾಳೆತ್ತರದ ಮೇಲೆ, ಬೆಳಕಿಂಡಿಯ ಚೌಕದಲ್ಲಿ, ಒಂದು ಮುಖ ಬಗ್ಗಿತು. ಪಕ್ಕದ ಮನೆಯ ಚಾಚಿ. ನಮ್ಮ ಮಾಳಿಗೆಗೂ ಅವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಕುಂಬಿ ಮಾತ್ರ ಇತ್ತು. ನನ್ನ ಕೂಗಿಗೆ ಅವರು ದಾಟಿ ಬಂದಿದ್ದರು.

"ಏನ ಬಿತ್ತ ಬೇ? ನೀ ಬಿದ್ದೇನ?"

"ಮರಿ ಬಿತ್ತರಿ ಚಾಚಿ. ಸತ್ತೈತ್ರಿ. ನಮ್ಮ ಅತ್ತಿ ನನ್ನ ಮನ್ಯಾಗ ಇಟಗೊಳ್ಳೂದಿಲ್ರಿ."

"ತಡಿ, ತಡಿ. ಎತ್ತಬ್ಯಾಡ, ಬಂದೆ."

ಚಾಚಿ ದಪ್ಪ ಹೆಂಗಸು. ಆ ಮೈಯಲ್ಲಿ ಅಷ್ಟು ಬೇಗ ನಮ್ಮ ನಿಚ್ಚಣಿಕೆ ಹೇಗೆ ಇಳಿದರೋ! ಬಂದವರೇ ಧೋತರದ ಪದರು ಒಂದೊಂದಾಗಿ ಬಿಚ್ಚಿದರು. ಮರಿ ಎಡಗಡೆಗೆ ಮಲಗಿತ್ತು. ಕಣ್ಣು ಅರ್ಧ ತೆರೆದಿತ್ತು, ನಾಲಗೆಯ ತುದಿ ಹೊರಗೆ. ರಕ್ತ ಎಲ್ಲೂ ಇರಲಿಲ್ಲ. ಚಾಚಿ ಸೆರಗಿನ ಒಂದು ಎಳೆ ಹಿರಿದು ಅದರ ಮೂಗಿನ ಮುಂದೆ ಹಿಡಿದರು. ಎಳೆ ಅಲುಗಿತು.

"ಜೀವ ಐತಿ. ಉಳ್ಳಾಗಡ್ಡಿ ತಾ ಲಗೂನ."

ಮನುಷ್ಯರಿಗೆ ತೆಕ್ಕೆ ಬಂದು ಎಚ್ಚರ ತಪ್ಪಿದರೆ ನಾವು ಮಾಡುವುದೇ ಅದು. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಮೂಗಿಗೆ ಹಿಡಿದೆವು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅದು ಸೀನಿತು. ಒಂದು ಸಲ, ಎರಡು ಸಲ. ಮೂರನೆಯ ಸೀನಿಗೆ ಚಾಚಿಯ ಕೈಮೇಲೆಲ್ಲ ಜೊಲ್ಲು ಹಾರಿತು. "ನಾಯಿ ಎಂಜಲ, ನಮಾಜಕ್ಕ ಚಂದಂಗ ತಿಕ್ಕಿ ತೊಳಿಬೇಕು ಈಗ. ತೊಳಿತೇನಿ ಬಿಡ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಮರಿ ಏಳಲು ನೋಡಿ, ಏಳಲಾರದೆ ಹಾಗೇ ತಲೆ ಹಾಕಿತು. ಅಳಲೂ ಇಲ್ಲ. ಅತ್ತಿದ್ದರೆ ಎಲ್ಲಿ ನೋವಿದೆ ಎಂದಾದರೂ ತಿಳಿಯುತ್ತಿತ್ತು.

ಚಾಚಿಯ ಗಂಡ ನಾಲಬಂದ್ ಕೆಲಸದವರು. ಎತ್ತಿಗೆ, ಟಾಂಗಾದ ಕುದುರೆಗೆ ಲಾಳ ಬಡಿಯುವ ಕಸುಬು. ಕಾಲು ಕುಂಟುವ ದನ ಯಾವುದಿದ್ದರೂ ಜನ ಮೊದಲು ಅವರ ಕೈಗೇ ತೋರಿಸುತ್ತಿದ್ದರು. "ನಮ್ಮನಿಯವರ ಹತ್ರ ಒಯ್ಯೂಣು" ಅಂದರು ಚಾಚಿ. ನಾನು ಎತ್ತಿಕೊಳ್ಳಲು ಹೋದರೆ ಕೈಮೇಲೆ ಹೊಡೆದರು. "ಹಂಗ ಎತ್ತಿದ್ರ ಮುರದ ಎಲುಬ ಸರಿತೈತಿ. ಮರ ತಾ." ಜೋಳ ಕೇರುವ ಮೊರ ತಂದೆ. ಧೋತರ ಸಮೇತ ಮರಿಯನ್ನು ಮೆಲ್ಲಗೆ ಅದರೊಳಗೆ ಸರಿಸಿದೆವು.

ಚಪ್ಪಲಿ ಹಾಕಿಕೊಳ್ಳಲು ಹೋದೆ. ಎಡಗಾಲಿಗೆ ಹತ್ತಲೇ ಇಲ್ಲ. ಯಾಕೆ ಎಂದು ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಬರಿಗಾಲಲ್ಲೇ ಚಾಚಿಯ ಹಿಂದೆ ಹೊರಟೆ. ನಾಲ್ಕು ತಿಂಗಳ ಸೊಸೆ, ತಲೆಯ ಮೇಲೆ ಸೆರಗು, ಎರಡೂ ಕೈಯಲ್ಲಿ ಮೊರ, ಮೊರದ ಮೇಲೆ ಮುಚ್ಚಿದ ಬಟ್ಟೆ. ಗುಡಿಯ ಮುಂದಿನ ಬಜಾರದಲ್ಲಿ ಹೂವು ಮಾರುವವಳು ನೈವೇದ್ಯ ಒಯ್ಯುತ್ತಿದ್ದೇನೆಂದು ತಿಳಿದು ದಾರಿ ಬಿಟ್ಟಳು. ಅತ್ತೆಯ ಗುರುತಿನ ಬಳೆಗಾರ ಅಂಗಡಿಯಿಂದಲೇ ಕೇಳಿದ.

"ಏನ ಒಯ್ಯಾಕತ್ತೀರಿ ಅಕ್ಕಾರ?"

"ಸಂಡಿಗಿರಿ" ಅಂದೆ. ಆ ಮಾತಿಗೆ ಸರಿಯಾಗಿ ಸಂಡಿಗೆ ಮತ್ತೊಂದು ಸಲ ಸೀನಿತು. ತಿರುಗಿ ನೋಡದೆ ನಡೆದೆ.

ಟಾಂಗಾ ನಿಲ್ಲುವಲ್ಲಿ ಬೇವಿನ ಮರದ ಕೆಳಗೆ ಚಾಚಾ ಕೆಲಸದಲ್ಲಿದ್ದರು. ಒಂದು ಎತ್ತನ್ನು ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸಿಗೆ ಲಾಳ ಬಡಿಯುತ್ತಿದ್ದರು. ಚಾಚಿ ನಡೆದದ್ದನ್ನು ಹೇಳಿದರು. ಚಾಚಾ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ತಡೆಯಲು ಸನ್ನೆ ಮಾಡಿದರು. ಆ ನಾಲ್ಕು ಮೊಳೆ ಬಡಿದು ಮುಗಿಸುವಷ್ಟರಲ್ಲಿ ನನಗೆ ನಾಲ್ಕು ವರ್ಷ ಕಳೆದಂತಾಯಿತು. ಸುತ್ತಿಗೆ ಬಿದ್ದಾಗೊಮ್ಮೆ ಮೊರದೊಳಗೆ ನೋಡುವುದು, ಹೊಟ್ಟೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು. ಒಂದು ಸಲ ಏರಿದ್ದು ಇಳಿಯಲು ತಡವಾಯಿತು.

ಎತ್ತನ್ನು ಬಿಚ್ಚಿ ಎಬ್ಬಿಸಿದ ಮೇಲೆ ಚಾಚಾ ಕೈ ತೊಳೆದು ಬಂದು ಕೂತರು. ಆ ಕೈ ನೋಡಿ ನನಗೆ ಇನ್ನಷ್ಟು ಅಂಜಿಕೆ. ಎತ್ತಿನ ಕಾಲು ಹಿಡಿಯುವ ಕೈ, ಮರಿಯ ತಲೆ ಅವರ ಹೆಬ್ಬೆರಳಿಗಿಂತ ತುಸು ದೊಡ್ಡದು, ಅಷ್ಟೇ. ಆದರೆ ಆ ಹೆಬ್ಬೆರಳು ಎಷ್ಟು ಮೆತ್ತಗೆ ಇಳಿಯಿತೆಂದರೆ ಮರಿ ಕಣ್ಣು ಸಹ ಮಿಟುಕಿಸಲಿಲ್ಲ. ಬಿದ್ದ ಮಗ್ಗುಲನ್ನು ಮೊದಲು ಮುಟ್ಟಲಿಲ್ಲ. ಮೇಲಿದ್ದ ಮುಂಗಾಲಿನ ಬೆರಳಿನಿಂದ ಶುರು ಮಾಡಿದರು. ಒಂದೊಂದು ಬೆರಳು, ಆಮೇಲೆ ಮಣಿಕಟ್ಟು, ಮೊಣಕಾಲು, ಹೆಗಲು. ಒತ್ತಿದಲ್ಲಿ ಒಂದು ಗಳಿಗೆ ಬೆರಳು ನಿಲ್ಲಿಸಿ, ಮತ್ತೆ ಮುಂದೆ. ನಾನು ಕಣ್ಣು ಕೀಲಿಸಿ ಆ ಕಾಲನ್ನೇ ನೋಡುತ್ತಿದ್ದೆ.

"ಕಾಲ ಏನ ನೋಡ್ತಿ ಮಗಳ? ಕಿವಿ ನೋಡ" ಅಂದರು ಚಾಚಾ. "ಸಂತ್ಯಾಗಿಂದ ಹೊಸದಾಗಿ ತಂದ ಎತ್ತ ಇರತಾವಲ್ಲ, ನೋವ ತೋರಸೂದಿಲ್ಲ ಅವು. ಹೊಸಾ ಮನಿ, ಹೊಸಾ ಮಂದಿ, ಯಾರ ಏನ ಮಾಡ್ತಾರೋ ಅಂತ ಅಂಜಿ, ಮುರದ ಕಾಲ ಮ್ಯಾಲೆನ ನಿಂದರತಾವು. ಕಾಲ ಸುಳ್ಳ ಹೇಳತೈತಿ. ಕಿವಿ ಹೇಳೂದಿಲ್ಲ."

ಆಮೇಲೆ ನಾನು ಕಿವಿ ನೋಡಿದೆ. ಎಲೆಯಂಥ ಎರಡು ಕಿವಿ. ಬೆನ್ನುಹುರಿಯ ಮೇಲೆ ಬೆರಳು ಇಳಿಯಿತು, ಕಿವಿ ಸುಮ್ಮನಿತ್ತು. ಮೆಲ್ಲಗೆ ಹೊರಳಿಸಿ ಎಡಪಕ್ಕೆಗೆ ಬಂದರು. ಮೂರನೆಯ ಎಲುಬಿಗೆ ಬಂದಾಗ ಎರಡೂ ಕಿವಿ ಹಿಂದಕ್ಕೆ ಅಂಟಿಕೊಂಡವು. ಚಾಚಾ ಅಲ್ಲಿಯೇ ಎರಡು ಸಲ ಒತ್ತಿದರು, ತಮ್ಮ ಕಿವಿ ಹತ್ತಿರ ತಂದು ಅದರ ಉಸಿರು ಕೇಳಿದರು, ತುಟಿ ಸರಿಸಿ ವಸಡಿನ ಬಣ್ಣ ನೋಡಿದರು. ಬೆರಳಿನಿಂದ ಒತ್ತಿದ ವಸಡು ಬೆಳ್ಳಗಾಗಿ ಮತ್ತೆ ಕೆಂಪಾಯಿತು.

"ಎಲುಬ ಮುರದಿಲ್ಲ. ಪೆಟ್ಟ ಹತ್ತೈತಿ. ಧೋತರದಾಗ ಸುತಗೊಂಡ ಬಿದ್ದದ್ದ ಚಲೋ ಆತು. ಆದರ ಒಳಗ ಏನಾಗೈತೋ ನನ್ನ ಕೈಗೆ ತಿಳಿಯೂದಿಲ್ಲ ಯವ್ವಾ. ಉಚ್ಚಿ ಹೊಯ್ಲಿ. ತಿಳಿ ಬಂದ್ರ ಉಳೀತು. ಕೆಂಪ ಬಂದ್ರ ನನ್ನ ಕಡೆ ಕೂಡ ಬರಬ್ಯಾಡ, ಸೀದಾ ದನದ ದವಾಖಾನಿಗೆ ಓಡ."

ಹಾಗೆ ಮನೆಗೆ ಬಂದು, ನಾನು ಒಂದು ನಾಯಿಮರಿ ಉಚ್ಚೆ ಹೊಯ್ಯುವುದನ್ನು ಕಾಯುತ್ತ ಕೂತೆ. ನಗಬೇಡಿ. ಮಧ್ಯಾಹ್ನದಿಂದ ಸಂಜೆಯವರೆಗೆ ಅಷ್ಟು ಭಕ್ತಿಯಿಂದ ನಾನು ಯಾವ ದೇವರ ಮುಂದೆಯೂ ಕೂತವಳಲ್ಲ. ಬೆರಳದ್ದಿ ನೀರು ನೆಕ್ಕಿಸಿದೆ. ನೆಕ್ಕಿತು, ಮಲಗಿತು. ಮಾಳಿಗೆಯ ಮೇಲೆ ಕಾಗೆಗಳು ಸಂಡಿಗೆಯ ಜಾತ್ರೆ ಮಾಡುತ್ತಿದ್ದವು. ಒಲೆಯ ಮೇಲಿನ ಹಿಟ್ಟು ತಳ ಹತ್ತಿ ಕಮರು ವಾಸನೆ ಮನೆ ತುಂಬಿತ್ತು. ನಾನು ಏಳಲಿಲ್ಲ. ಅತ್ತೆಗೆ ಏನು ಹೇಳಬೇಕೆಂದು ಸುಳ್ಳು ಹೊಂದಿಸುತ್ತಿದ್ದೆ. ಬೆಕ್ಕು ಅಟ್ಟಿಸಿಕೊಂಡು ಬಂತು ಅನ್ನಲೇ? ಹೊರಗೆ ಯಾರೋ ಒದ್ದರು ಅನ್ನಲೇ? ಸತ್ತುಹೋದರೆ ಮಾತ್ರ ಯಾವ ಸುಳ್ಳೂ ಸಾಲದು. ಅಣ್ಣನನ್ನು ಕಳೆದುಕೊಂಡು ಅಳದಿದ್ದ ಆ ಹೆಂಗಸು, ಇದನ್ನೂ ಕಳೆದುಕೊಂಡು ಸುಮ್ಮನೆ ಕೂತರೆ ಅವರ ಜೊತೆ ಈ ಮನೆಯಲ್ಲಿ ನಾನು ಹೇಗೆ ಇರಲಿ? ಮರಿಯ ಕಿವಿಯಲ್ಲಿ "ಹೊಯ್ಯೋ ನಮ್ಮಪ್ಪಾ, ಒಂದ ಹನಿ ಹೊಯ್ಯೋ" ಎಂದು ಬೇಡಿಕೊಂಡೆ.

ಅದು ಹೊಯ್ಯಲಿಲ್ಲ. ಅತ್ತೆ ಬಂದರು.

ಬಬಲೇಶ್ವರದ ಬದನೆಕಾಯಿಯ ಗಂಟನ್ನು ಇಳಿಸಿ, ಕಾಲು ತೊಳೆದು, "ಕೂಸ ಎಲ್ಲೈತಿ?" ಅಂದರು. ದಿನಾ ಹೊಸಲಿಗೇ ಓಡಿ ಬರುವುದು ಅಂದು ಬಂದಿರಲಿಲ್ಲ.

"ಮಲಗೈತ್ರಿ" ಅಂದೆ.

ಅತ್ತೆ ಅಡಿಗೆಮನೆಗೆ ಬಂದು, ಮೊರದ ಮುಂದೆ ಕೂತು, ಬಾಗಿ ಎರಡೂ ಕೈ ಚಾಚಿದರು.

"ಎತ್ತಬ್ಯಾಡ್ರೀ!"

ಅತ್ತೆಯ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅತ್ತೆಯ ಕೈ ಅಲ್ಲೇ ನಿಂತಿತು. ಆಮೇಲೆ ಹೊಂದಿಸಿದ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ. ಮಾಳಿಗೆ, ಧೋತರ, ಕಾಗೆ, ಉಳ್ಳಾಗಡ್ಡಿ, ಚಾಚಾ ಹೇಳಿದ ಕಿವಿಯ ಮಾತು, ಉಚ್ಚೆಯ ಮಾತು, ಎಲ್ಲ ಒಂದೇ ಉಸಿರಿಗೆ ಬಂದುಬಿಟ್ಟವು. ಅತ್ತೆ ತಲೆ ಎತ್ತಿ ಬೆಳಕಿಂಡಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮರಿಯನ್ನು ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಎತ್ತಿ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡರು. ಅದು ಅವರ ವಾಸನೆ ಹಿಡಿದು ಬಾಲ ಒಂದಿಷ್ಟು ಆಡಿಸಿತು. ಅತ್ತೆ ಥಟ್ಟನೆ ಬೆಚ್ಚಿದರು. ತೊಡೆಯ ಮೇಲೆ ಸೀರೆ ಒದ್ದೆಯಾಗುತ್ತಿತ್ತು.

ಅವರು ಉಟ್ಟಿದ್ದು ಕಡುಗೆಂಪು ಇಳಕಲ್ ಸೀರೆ. ಸಂಜೆಯ ಮಬ್ಬು ಬೇರೆ. ಒದ್ದೆಯಾದಲ್ಲಿ ಕಪ್ಪಗೆ ಕಾಣುತ್ತಿತ್ತು, ಅಷ್ಟೇ. ಬಣ್ಣ ಯಾವುದೋ ತಿಳಿಯಲೊಲ್ಲದು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಧೋತರ ತಾ" ಅಂದರು.

ಮೊರದೊಳಗಿನ ಧೋತರ ಕೊಟ್ಟೆ. ಒಣಗಿದ್ದ ಅದರ ಬಿಳಿಯ ಚುಂಗನ್ನು, ತುದಿಯನ್ನು, ಅವರು ತೊಡೆಗೆ ಒತ್ತಿದರು. ಒತ್ತಿ, ಹಾಗೇ ಹಿಡಿದರು. ತೆಗೆದು ನೋಡಲು ಅವರಿಗೂ ಧೈರ್ಯವಿರಲಿಲ್ಲ. ಕೊನೆಗೆ ಆ ಚುಂಗನ್ನು ನಾನೇ ಎಳೆದುಕೊಂಡು, ಬೆಳಕಿಂಡಿಯ ಕೆಳಗೆ ನಿಂತು, ಇಳಿಯುತ್ತಿದ್ದ ಕೊನೆಯ ಬೆಳಕಿಗೆ ಎತ್ತಿ ಹಿಡಿದೆ.

ಹಳದಿ. ತಿಳಿ ಹಳದಿ.

"ತಿಳಿ ಐತ್ರಿ ಅತ್ತಿ! ಕೆಂಪಿಲ್ರಿ!"

ಅತ್ತೆ ಆ ಬಟ್ಟೆಯನ್ನು ಕಸಿದುಕೊಂಡು ತಾವೂ ನೋಡಿದರು. ಆಮೇಲೆ ಅದನ್ನು, ಆ ಉಚ್ಚೆಯ ಧೋತರವನ್ನೇ, ಮುಖಕ್ಕೆ ಒತ್ತಿಕೊಂಡು "ಅಣ್ಣಾ" ಅಂದರು. ಚಳಿಗಾಲದಿಂದ ಕಟ್ಟಿಕೊಂಡಿದ್ದ ಅಳುವೆಲ್ಲ ಅಂದು ಹರಿಯಿತು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಆತು ನಿಂತಿದ್ದೆ.

ಅಳು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಈಗ ಬಂತು ನನ್ನ ಸರದಿ ಎಂದುಕೊಂಡೆ. ಗಂಟು ಕಟ್ಟಿ ತಿಕೋಟಾದ ಬಸ್ಸು ಹತ್ತಿಸುತ್ತಾರೆ, ಮತ್ತೇನು.

"ಕುಂಡ್ರ" ಅಂದರು.

ಕೂತೆ.

"ಎಡಗಾಲ ಚಾಚ."

"ನನಗೇನೂ ಆಗಿಲ್ರಿ."

"ಬಂದಾಗಿಂದ ನೋಡಾಕತ್ತೇನಿ, ನೆಲಕ್ಕ ಊರಲಾರದ ನಿಂತಿ. ಕಾಲ ಚಾಚ ಅಂದ್ನೆಲ್ಲ."

ಚಾಚಿದೆ. ಆಗಲೇ ನಾನೂ ಅದನ್ನು ನೋಡಿದ್ದು. ಪಾದದ ಮೇಲಿನ ಹರಡು ಬಾತು ಬದನೆಕಾಯಿಯಾಗಿತ್ತು. ಅತ್ತೆ ನನ್ನ ಪಾದವನ್ನು ಒದ್ದೆ ಸೀರೆಯ ತೊಡೆಯ ಮೇಲೆ, ಮರಿಯ ಪಕ್ಕದಲ್ಲೇ ಇಟ್ಟುಕೊಂಡರು. ನಾನು ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ. ಕಿರುಬೆರಳಿನಿಂದ ಶುರು ಮಾಡಿದರು. ಒಂದೊಂದು ಬೆರಳು, ಒತ್ತಿ, ಒಂದು ಗಳಿಗೆ ನಿಲ್ಲಿಸಿ, ಮತ್ತೆ ಮುಂದೆ. ನಾನು ಹಲ್ಲು ಕಚ್ಚಿ ಗೋಡೆ ನೋಡುತ್ತ ಕೂತೆ. ಹರಡಿನ ಹತ್ತಿರ ಬಂದಾಗ ಕಣ್ಣು ಇಳಿಸಿದರೆ, ಅತ್ತೆ ನನ್ನ ಕಾಲನ್ನು ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ಇಲ್ಲೇನ?" ಅಂದರು.

ನಾನು ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ "ಯವ್ವಾ" ಎಂದು ಬಾಯಿಬಿಟ್ಟು ಒದರಿದೆ.